ಹಿಡಿ, ಬಿಡು: ಏಡಿಯ ಸ್ನಾಯುವಿಗೆ ಬರುವ ಎರಡು ಆಜ್ಞೆಗಳು

ಮಳೆಗಾಲದಲ್ಲಿ ಗದ್ದೆಯ ಬದುವಿನ ಬಿಲಕ್ಕೆ ಕೈಹಾಕಿ ಏಡಿಯನ್ನು ಹಿಡಿಯಲು ಹೋದವರಿಗೆ ಅದರ ಇಕ್ಕುಳದ ಬಿಗಿತ ಎಂತಹುದೆಂದು ವಿವರಿಸಿ ಹೇಳಬೇಕಾದುದಿಲ್ಲ. ಬೆರಳನ್ನು ಒಮ್ಮೆ ಕಚ್ಚಿ ಹಿಡಿಯಿತೆಂದರೆ ಎಳೆದಷ್ಟೂ ಅದು ಬಿಗಿಯುವುದು. ಕೈಯನ್ನು ನೀರಿನಲ್ಲಿ ಇಳಿಬಿಟ್ಟು ಅಲುಗಿಸದೆ ಇದ್ದರೆ, ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಹಿಡಿತವನ್ನು ಸಡಿಲಿಸಿ ಜಾರಿಹೋಗುವುದೂ ಉಂಟು. ಹಿಡಿಯುವುದಕ್ಕೆ ಸ್ನಾಯುವಿನ ಬಲ ಬೇಕೆಂಬುದನ್ನು ನಾವೆಲ್ಲರೂ ಬಲ್ಲೆವು. ಬಿಡುವುದಕ್ಕೆ ಏನು ಬೇಕು? ಏನೂ ಬೇಡ, ಹಿಡಿಯುವುದನ್ನು ನಿಲ್ಲಿಸಿದರೆ ಸಾಕು ಎಂದು ಮೇಲುನೋಟಕ್ಕೆ ತೋರುವುದು. ನಮ್ಮ ಕೈಯ ಮಟ್ಟಿಗೆ ಈ ಉತ್ತರ ಸರಿ. ಏಡಿಯ ಮಟ್ಟಿಗೆ ಸರಿಯಲ್ಲ. ಅದರ ಸ್ನಾಯುವಿಗೆ 'ಹಿಡಿ' ಎಂಬ ಆಜ್ಞೆ ಒಂದು ನರದಿಂದ ಬಂದರೆ, 'ಬಿಡು' ಎಂಬ ಆಜ್ಞೆ ಬೇರೊಂದು ನರದಿಂದ ಬರುತ್ತದೆ.

ಈ ಎರಡು ಆಜ್ಞೆಗಳನ್ನು ಹೊತ್ತು ತರುವವು ಎರಡು ಸರಳವಾದ ರಾಸಾಯನಿಕ ವಸ್ತುಗಳು. ಅವು ಸ್ನಾಯುವಿನ ವಿದ್ಯುತ್ ಸ್ಥಿತಿಯನ್ನು ಹೇಗೆ ಬದಲಾಯಿಸುತ್ತವೆ ಎಂಬುದನ್ನು ಅರಿಯಲು ಹೊರಟ ವಿಜ್ಞಾನಿಗಳು ನಮ್ಮದೇ ಮಿದುಳಿನ ಒಂದು ಮುಖ್ಯ ರಹಸ್ಯವನ್ನು ಕಂಡುಕೊಂಡರು. ಜಂತುಹುಳುಗಳ ಔಷಧಿಯೂ ಕೀಟನಾಶಕಗಳ ಅಪಾಯವೂ ಇದೇ ಅರಿವಿನಿಂದ ನಮಗೆ ಅರ್ಥವಾಗುವವು. ಆ ಕಥೆಯನ್ನು ಈಗ ನೋಡೋಣ.

ಸ್ನಾಯುವೆಂಬ ವಿದ್ಯುತ್ಕೋಶ

ಪ್ರತಿಯೊಂದು ಸ್ನಾಯುತಂತುವೂ ತೆಳುವಾದ ಪೊರೆಯಿಂದ ಆವೃತವಾದ ಒಂದು ಉದ್ದನೆಯ ಜೀವಕೋಶ. ಪೊರೆಯ ಒಳಗಡೆ ಪೊಟ್ಯಾಸಿಯಂ ಅಯಾನುಗಳು ಹೆಚ್ಚು. ಹೊರಗಡೆ ಸೋಡಿಯಂ, ಕ್ಲೋರೈಡ್ ಮತ್ತು ಕ್ಯಾಲ್ಸಿಯಂ ಅಯಾನುಗಳು ಹೆಚ್ಚು. ಧನವಿದ್ಯುತ್ತನ್ನು ಹೊತ್ತ ಪೊಟ್ಯಾಸಿಯಂ ಅಯಾನುಗಳಿಗೆ ಮಾತ್ರ ಪೊರೆಯನ್ನು ದಾಟಿ ಹೊರಬರುವ ಸೌಲಭ್ಯ ತಕ್ಕಮಟ್ಟಿಗೆ ಇರುವುದರಿಂದ, ಅವುಗಳಲ್ಲಿ ಕೆಲವು ಹೊರಸೋರಿ ಒಳಭಾಗವನ್ನು ಋಣವಾಗಿ ಮಾಡುವುವು. ಹೀಗೆ ವಿಶ್ರಾಂತ ಸ್ಥಿತಿಯಲ್ಲಿರುವ ಸ್ನಾಯುತಂತುವಿನ ಒಳಭಾಗ ಹೊರಭಾಗಕ್ಕಿಂತ ಸುಮಾರು ೭೦ ಮಿಲಿವೋಲ್ಟಿನಷ್ಟು ಋಣವಾಗಿರುತ್ತದೆ. ಇದನ್ನೇ ವಿಶ್ರಾಂತಿ ವಿಭವ ಎನ್ನುವರು.

ಎಪ್ಪತ್ತು ಮಿಲಿವೋಲ್ಟ್ ಎಂದರೆ ಟಾರ್ಚಿನ ಒಂದು ಸೆಲ್ಲಿನ ವೋಲ್ಟೇಜಿನಲ್ಲಿ ಇಪ್ಪತ್ತರಲ್ಲಿ ಒಂದು ಪಾಲು. ಇಷ್ಟೇಯೇ ಎಂದು ಓದುಗರು ಅಲಕ್ಷಿಸಬಾರದು. ಪೊರೆಯ ದಪ್ಪ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಏಳೆಂಟು ಪಾಲು ಮಾತ್ರ. ಅಷ್ಟು ಅಲ್ಪ ಅಂತರದಲ್ಲಿ ಇಷ್ಟು ವಿಭವಾಂತರ ನಿಂತಿದೆಯೆಂದರೆ, ಸೆಂಟಿಮೀಟರಿಗೆ ಸುಮಾರು ಒಂದು ಲಕ್ಷ ವೋಲ್ಟಿನ ಒತ್ತಡವಿದೆಯೆಂದು ಲೆಕ್ಕವಾಗುವುದು! ಪೊರೆಯಲ್ಲಿ ಯಾವುದೋ ಒಂದು ಬಗೆಯ ಅಯಾನಿಗೆ ಕಿರುಬಾಗಿಲು ತೆರೆದರೆ ಸಾಕು, ಅದು ಒಡನೆಯೇ ಒಳನುಗ್ಗುವುದು ಅಥವಾ ಹೊರನುಗ್ಗುವುದು.

ಸ್ನಾಯುವಿನ ಸಂಕೋಚನ ಈ ವಿಭವವನ್ನು ಅವಲಂಬಿಸಿದೆ. ಒಳಭಾಗದ ಋಣತೆ ಕುಗ್ಗುತ್ತ ಬಂದಂತೆ ಒಂದು ಹಂತದಲ್ಲಿ ತಂತು ಸಂಕುಚಿಸತೊಡಗುವುದು. ಋಣತೆ ಹಿಂದಿನ ಮಟ್ಟಕ್ಕೆ ಮರಳಿದರೆ ಸಡಿಲಗೊಳ್ಳುವುದು. ಈ ಏರಿಳಿತವನ್ನು ಜೀವಂತ ತಂತುವಿನೊಳಗೇ ಅಳೆಯುವ ಉಪಾಯ ೧೯೪೯ರಲ್ಲಿ ಕೈಗೂಡಿತು. ಅಮೆರಿಕದ ಷಿಕಾಗೋ ನಗರದಲ್ಲಿ ಲಿಂಗ್ ಮತ್ತು ಜೆರಾರ್ಡ್ ಎಂಬುವರು ಗಾಜಿನ ಕೊಳವೆಯನ್ನು ಕಾಯಿಸಿ ಎಳೆದು, ಕೂದಲಿಗಿಂತ ನೂರಾರು ಪಟ್ಟು ಸಣ್ಣದಾದ ಮೊನೆಯುಳ್ಳ ಸೂಜಿಯನ್ನು ಮಾಡಿ, ಅದರಲ್ಲಿ ಲವಣದ ದ್ರಾವಣವನ್ನು ತುಂಬಿ, ಸ್ನಾಯುತಂತುವಿಗೆ ಹಾನಿಯಾಗದಂತೆ ಚುಚ್ಚಿದರು. ಮುಂದೆ ಹೇಳುವ ಸಂಶೋಧನೆಗಳಲ್ಲಿ ಹೆಚ್ಚಿನವು ಈ ಗಾಜಿನ ಸೂಜಿಯ ಫಲವೇ.

ನರದ ಕೊನೆಯಲ್ಲಿ ಏನಾಗುವುದು?

ನರತಂತುವಿನಲ್ಲಿ ಸಂದೇಶವು ವಿದ್ಯುತ್ ಸ್ಪಂದನಗಳ ರೂಪದಲ್ಲಿ ಓಡುತ್ತದೆಂಬುದು ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಆದರೆ ನರದ ತುದಿ ಸ್ನಾಯುವನ್ನು ಮುಟ್ಟುವುದಿಲ್ಲ. ಎರಡರ ನಡುವೆ ಮಿಲಿಮೀಟರಿನ ಲಕ್ಷದಲ್ಲಿ ಕೆಲವೇ ಪಾಲಿನಷ್ಟು ಸಂದು ಇರುತ್ತದೆ. ವಿದ್ಯುತ್ ಸ್ಪಂದನ ಈ ದಡದಲ್ಲಿಯೇ ನಿಲ್ಲುವುದು. ನರದ ತುದಿಯಲ್ಲಿ ಸಣ್ಣ ಸಣ್ಣ ಚೀಲಗಳಲ್ಲಿ ಕೂಡಿಟ್ಟಿರುವ ಒಂದು ರಾಸಾಯನಿಕ, ಸ್ಪಂದನ ಬಂದೊಡನೆ ಒಳಬರುವ ಕ್ಯಾಲ್ಸಿಯಂ ಅಯಾನುಗಳ ಪ್ರೇರಣೆಯಿಂದ, ಸಂದಿಗೆ ಚೆಲ್ಲುವುದು. ಎದುರು ದಡವನ್ನು ಸೇರಿ ಸ್ನಾಯುವಿನ ಪೊರೆಯಲ್ಲಿರುವ ಗ್ರಾಹಕಗಳಿಗೆ ಅಂಟುವುದು. ಇಂತಹ ರಾಸಾಯನಿಕವೇ ನ್ಯೂರೋಟ್ರಾನ್ಸ್‌ಮಿಟರ್, ಅಂದರೆ ನರಪ್ರೇಷಕ.

ಗ್ರಾಹಕವೆಂಬುದು ಬಾಗಿಲೂ ಬೀಗವೂ ಒಂದೇ ಆದ ಒಂದು ಪ್ರೋಟೀನು. ತಕ್ಕ ಬೀಗದ ಕೈ ಸೇರಿದರೆ ಬಾಗಿಲು ತೆರೆಯುವುದು. ಆದರೆ ಆ ಬಾಗಿಲಿನಿಂದ ಯಾವ ಅಯಾನು ಹಾಯಬೇಕೆಂಬುದನ್ನು ನಿರ್ಧರಿಸುವುದು ಬೀಗದ ಕೈಯಲ್ಲ, ಬಾಗಿಲಿನ ರಚನೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಈ ಲೇಖನದ ತಿರುಳೆಲ್ಲ ಇದರಲ್ಲಿಯೇ ಅಡಗಿದೆ.

ನರಗಳು ರಾಸಾಯನಿಕದ ಮೂಲಕ ಮಾತನಾಡುತ್ತವೆಂದು ೧೯೨೧ರಲ್ಲಿ ತೋರಿಸಿದವರು ಆಟೊ ಲೋವಿ. ಒಂದು ಕಪ್ಪೆಯ ಹೃದಯಕ್ಕೆ ಹೋಗುವ ನರವನ್ನು ಕೆರಳಿಸಿ ಅದರ ಬಡಿತವನ್ನು ನಿಧಾನಗೊಳಿಸಿ, ಆ ಹೃದಯವನ್ನು ತೋಯಿಸಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಅವರು ಹಾಕಿದರು. ಎರಡನೆಯ ಹೃದಯದ ಬಡಿತವೂ ನಿಧಾನವಾಯಿತು. ಆ ರಾಸಾಯನಿಕ ಅಸಿಟೈಲ್‌ಕೋಲಿನ್ ಎಂಬುದು ಅನಂತರ ಖಚಿತವಾಯಿತು. ನಮ್ಮ ಕೈಕಾಲುಗಳ ಸ್ನಾಯುಗಳನ್ನು ಸಂಕುಚಿಸುವಂತೆ ಮಾಡುವುದೂ ಇದೇ ವಸ್ತು. ಹೃದಯದಲ್ಲಿ ತಡೆ, ತೋಳಿನಲ್ಲಿ ಪ್ರೇರಣೆ: ಒಂದೇ ವಸ್ತುವಿಗೆ ಎರಡು ಅರ್ಥಗಳಿರುವುದನ್ನು ಇಲ್ಲಿಯೇ ಕಾಣಬಹುದು.

ಇಬ್ಬರೇ ಆಳುಗಳ ಆಡಳಿತ

ನಮ್ಮ ತೋಳಿನ ಒಂದು ದೊಡ್ಡ ಸ್ನಾಯುವನ್ನು ನೂರಾರು ನರಕೋಶಗಳು ಆಳುತ್ತವೆ. ಹೆಚ್ಚು ಬಲ ಬೇಕಾದಾಗ ಹೆಚ್ಚು ನರಕೋಶಗಳು ಕೆಲಸಕ್ಕೆ ಇಳಿಯುವುವು. ಒಂದೊಂದು ಸ್ನಾಯುತಂತುವೂ ಆಜ್ಞೆ ಬಂದಾಗ ಪೂರ್ಣವಾಗಿ ಪ್ರತಿಕ್ರಿಯಿಸುವುದು, ಇಲ್ಲವಾದರೆ ಸುಮ್ಮನಿರುವುದು; ನಡುವಣ ಸ್ಥಿತಿ ಅದಕ್ಕಿಲ್ಲ. ಸ್ನಾಯುವನ್ನು ತಡೆಯುವ ನರವಂತೂ ಇಲ್ಲವೇ ಇಲ್ಲ. ತಡೆಯಬೇಕಾದಾಗ ಬೆನ್ನುಹುರಿಯಲ್ಲಿಯೇ ಆಜ್ಞೆಯನ್ನು ನಿಲ್ಲಿಸಲಾಗುತ್ತದೆ.

ಏಡಿ, ಸೀಗಡಿ, ಲಾಬ್ಸ್ಟರ್ ಮತ್ತು ಸಿಹಿನೀರಿನ ಕ್ರೇಫಿಶ್ ಸೇರಿದ ಕಠಿಣಚರ್ಮಿಗಳ ವರ್ಗದಲ್ಲಿ ವ್ಯವಸ್ಥೆ ಬೇರೆ. ಇವುಗಳ ನರಕೋಶಗಳ ಸಂಖ್ಯೆ ಬಹಳ ಕಡಮೆ. ಕ್ರೇಫಿಶ್ ತನ್ನ ಇಕ್ಕುಳವನ್ನು ತೆರೆಯಲು ಬಳಸುವ ಸ್ನಾಯುವಿಗೆ ಬರುವ ಆಜ್ಞಾನರಗಳು ಎರಡೇ ಎರಡು: ಒಂದು ಪ್ರಚೋದಕ, ಇನ್ನೊಂದು ನಿರೋಧಕ. ಇವೆರಡೂ ಕವಲೊಡೆದು ಪ್ರತಿಯೊಂದು ಸ್ನಾಯುತಂತುವಿನ ಉದ್ದಕ್ಕೂ ಹಲವಾರು ಕಡೆ ಸಂಧಿಸುತ್ತವೆ. ನಿರೋಧಕ ನರವೊಂದಿದೆಯೆಂಬುದನ್ನು ಜರ್ಮನಿಯ ಬೀಡರ್‌ಮನ್ ೧೮೮೭ರಷ್ಟು ಹಿಂದೆಯೇ ಕ್ರೇಫಿಶ್ಶಿನ ಇಕ್ಕುಳದಲ್ಲಿ ಗುರುತಿಸಿದ್ದರು.

ತಡೆಯುವ ನರ ಏಕೆ ಬೇಕು? ಪ್ರಚೋದಕ ನರ ಸುಮ್ಮನಾದರೆ ಸಾಲದೆ? ಇದಕ್ಕೆ ಉತ್ತರ ಈ ಪ್ರಾಣಿಗಳ ಮಿತವ್ಯಯದಲ್ಲಿದೆ. ಕ್ರೇಫಿಶ್ಶಿನಲ್ಲಿ ಇಕ್ಕುಳವನ್ನು ತೆರೆಯುವ ಸ್ನಾಯುವಿಗೂ, ಮುಂಗಾಲಿನ ಮತ್ತೊಂದು ಕೀಲನ್ನು ಚಾಚುವ ಸ್ನಾಯುವಿಗೂ ಪ್ರಚೋದಕ ನರತಂತು ಒಂದೇ! ಆ ನರದಲ್ಲಿ ಸ್ಪಂದನ ಹೊರಟರೆ ಎರಡು ಸ್ನಾಯುಗಳಿಗೂ ಹೋಗಲೇಬೇಕು. ಆದರೆ ಕಾಲನ್ನು ಚಾಚುವಾಗಲೆಲ್ಲ ಇಕ್ಕುಳವೂ ಬಾಯ್ದೆರೆಯುವುದಾದರೆ ಪ್ರಾಣಿಯ ಗತಿಯೇನು? ಒಂದೇ ಸ್ವಿಚ್ಚಿಗೆ ಎರಡು ದೀಪಗಳನ್ನು ಜೋಡಿಸಿದಂತಾಗಲಿಲ್ಲವೇ? ಪ್ರಕೃತಿ ಇದಕ್ಕೆ ಮಾಡಿರುವ ಏರ್ಪಾಟು ಚತುರವಾದುದು. ಪ್ರಚೋದಕ ನರ ಒಂದೇ ಆದರೂ, ಎರಡು ಸ್ನಾಯುಗಳಿಗೂ ಪ್ರತ್ಯೇಕ ನಿರೋಧಕ ನರಗಳಿವೆ. ಕಾಲು ಮಾತ್ರ ಚಾಚಬೇಕಾದಾಗ ಇಕ್ಕುಳದ ಸ್ನಾಯುವಿಗೆ ತಡೆ. ಇಕ್ಕುಳ ಮಾತ್ರ ತೆರೆಯಬೇಕಾದಾಗ ಚಾಚುವ ಸ್ನಾಯುವಿಗೆ ತಡೆ. ೧೯೩೦ರ ದಶಕದಿಂದ ಮುಂದಕ್ಕೆ ಕ್ಯಾಲಿಫೋರ್ನಿಯದಲ್ಲಿ ನೆಲಸಿದ್ದ ಡಚ್ ವಿಜ್ಞಾನಿ ವೀರ್ಸ್ಮ ಮತ್ತು ಅವರ ಸಂಗಡಿಗರು ಈ ನರಜಾಲವನ್ನು ಒಂದೊಂದಾಗಿ ಬಿಡಿಸಿ ತೋರಿಸಿದರು.

'ಹಿಡಿ' ಎಂಬ ಆಜ್ಞೆ

ಪ್ರಚೋದಕ ನರದ ತುದಿಯಿಂದ ಹೊರಬರುವ ವಸ್ತು ಗ್ಲುಟಮೇಟ್. ಇದು ಅಪರೂಪದ ವಸ್ತುವೇನಲ್ಲ. ನಾವು ತಿನ್ನುವ ಬೇಳೆ, ಹಾಲು, ಮಾಂಸ ಎಲ್ಲದರ ಪ್ರೋಟೀನಿನಲ್ಲಿಯೂ ಇರುವ ಅಮಿನೊ ಆಮ್ಲವಿದು. ಅಡಿಗೆಗೆ ರುಚಿ ಕೊಡಲೆಂದು ಹಾಕುವ ಅಜಿನೊಮೊಟೊ ಇದರದೇ ಸೋಡಿಯಂ ಲವಣ. ಇಷ್ಟು ಸಾಮಾನ್ಯವಾದ ಆಹಾರದ್ರವ್ಯ ನರದ ದೂತನಾಗಿರಬಹುದೆಂದು ನಂಬಲು ವಿಜ್ಞಾನಿಗಳು ಬಹುಕಾಲ ಹಿಂಜರಿದುದು ಸಹಜವೇ. ೧೯೫೯ರಲ್ಲಿ ಇದು ಕಠಿಣಚರ್ಮಿಗಳ ಸ್ನಾಯುವನ್ನು ಸಂಕುಚಿಸುವಂತೆ ಮಾಡುವುದೆಂದು ತಿಳಿದುಬಂತು. ೧೯೬೪ರಲ್ಲಿ ಜಪಾನಿನ ತಾಕೆಯುಚಿ ದಂಪತಿಗಳು ಗಾಜಿನ ಸೂಜಿಯ ಮೊನೆಯಿಂದ ಗ್ಲುಟಮೇಟನ್ನು ಕಣಕಣವಾಗಿ ಕ್ರೇಫಿಶ್ಶಿನ ಸ್ನಾಯುತಂತುವಿನ ಮೇಲೆ ಬೇರೆ ಬೇರೆ ಕಡೆ ಹಾಯಿಸಿ ನೋಡಿದರು. ತಂತುವಿನ ಎಲ್ಲ ಕಡೆಯೂ ಅದಕ್ಕೆ ಓಗೊಡಲಿಲ್ಲ; ನರ ಬಂದು ಸಂಧಿಸುವ ಸಣ್ಣ ಚುಕ್ಕೆಗಳಂತಹ ಸ್ಥಳಗಳಲ್ಲಿ ಮಾತ್ರ ವಿಭವ ಥಟ್ಟನೆ ಬದಲಾಯಿತು. ನರಪ್ರೇಷಕಕ್ಕೆ ಇರಬೇಕಾದ ಲಕ್ಷಣವಿದು.

ಗ್ಲುಟಮೇಟ್ ಅಂಟಿದೊಡನೆ ಸೋಡಿಯಮ್ಮಿನಂತಹ ಧನ ಅಯಾನುಗಳಿಗೆ ಬಾಗಿಲು ತೆರೆಯುವುದು. ಅವು ಒಳಕ್ಕೆ ನುಗ್ಗಿ ಒಳಭಾಗದ ಋಣತೆಯನ್ನು ತಗ್ಗಿಸುವುವು. ಒಂದು ಸ್ಪಂದನದಿಂದ ಆಗುವ ಬದಲಾವಣೆ ಹಲವು ಸ್ನಾಯುಗಳಲ್ಲಿ ಬಹಳ ಅಲ್ಪ. ಆದರೆ ಸ್ಪಂದನಗಳು ಒಂದರ ಹಿಂದೆ ಒಂದು ಬೇಗಬೇಗನೆ ಬಂದಂತೆ, ಹಿಂದಿನದು ಅಳಿಯುವ ಮೊದಲೇ ಮುಂದಿನದು ಅದಕ್ಕೆ ಸೇರುವುದು. ಪ್ರತಿಯೊಂದು ಸ್ಪಂದನವೂ ಹಿಂದಿನದಕ್ಕಿಂತ ಹೆಚ್ಚು ಗ್ಲುಟಮೇಟನ್ನು ಚೆಲ್ಲುವುದು. ಆದುದರಿಂದ ನರ ಎಷ್ಟು ವೇಗವಾಗಿ ಮಿಡಿಯುವುದೋ ಅಷ್ಟು ಬಲವಾಗಿ ಸ್ನಾಯು ಸಂಕುಚಿಸುವುದು. ನೂರಾರು ನರಗಳಿಂದ ನಾವು ಪಡೆಯುವ ಬಲದ ಹೆಚ್ಚುಕಡಮೆಯನ್ನು ಏಡಿ ಒಂದೆರಡು ನರಗಳ ಮಿಡಿತದ ವೇಗದಿಂದಲೇ ಪಡೆಯುವುದು.

ಇಲ್ಲಿ ಮತ್ತೊಂದು ವಿಶೇಷವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮ ನರಗಳಲ್ಲಿಯೂ ಕೈಕಾಲುಗಳ ಸ್ನಾಯುಗಳಲ್ಲಿಯೂ ವಿದ್ಯುತ್ ಸ್ಪಂದನವನ್ನು ಉಂಟುಮಾಡುವುದು ಸೋಡಿಯಂ. ೧೯೫೩ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಪಾಲ್ ಫ್ಯಾಟ್ ಮತ್ತು ಬರ್ನಾರ್ಡ್ ಕಾಟ್ಸ್ ಏಡಿಯ ಸ್ನಾಯುವನ್ನು ಪರೀಕ್ಷಿಸುವಾಗ, ಸುತ್ತಲಿನ ದ್ರಾವಣದಲ್ಲಿ ಸೋಡಿಯಮ್ಮಿಗೆ ಬದಲು ಬೇರೆ ವಸ್ತುವನ್ನು ಹಾಕಿದರೂ ಸ್ಪಂದನ ನಿಲ್ಲದಿದ್ದುದನ್ನು ಕಂಡು ಬೆರಗಾದರು. ಆ ಸ್ಪಂದನವನ್ನು ಹೊರುವುದು ಕ್ಯಾಲ್ಸಿಯಂ ಎಂಬುದು ಮುಂದಿನ ವರ್ಷಗಳಲ್ಲಿ, ಕ್ರೇಫಿಶ್ ಮತ್ತು ಬಂಡೆಗಳಿಗೆ ಅಂಟಿ ಬಾಳುವ ಬಾರ್ನಕಲ್ ಎಂಬ ಪ್ರಾಣಿಗಳ ಸ್ನಾಯುಗಳಿಂದ, ಸ್ಥಿರಪಟ್ಟಿತು. ನಮ್ಮ ಹೃದಯದ ಮಿಡಿತದಲ್ಲಿಯೂ ಕ್ಯಾಲ್ಸಿಯಮ್ಮಿನ ಬಾಗಿಲುಗಳು ಕೆಲಸ ಮಾಡುತ್ತವೆ. ರಕ್ತದೊತ್ತಡಕ್ಕೆ ಕೊಡುವ ಕೆಲವು ಔಷಧಿಗಳು ಆ ಬಗೆಯ ಬಾಗಿಲುಗಳನ್ನೇ ಮುಚ್ಚುವುವು.

'ಬಿಡು' ಎಂಬ ಆಜ್ಞೆ

ನಿರೋಧಕ ನರ ಚೆಲ್ಲುವ ವಸ್ತುವಿನ ಹೆಸರು ಗಾಮಾ ಅಮಿನೊ ಬ್ಯುಟಿರಿಕ್ ಆಮ್ಲ. ಉದ್ದವಾದ ಈ ಹೆಸರನ್ನು ಸಂಕ್ಷೇಪಿಸಿ 'ಗಾಬಾ' ಎನ್ನುವರು. ಗ್ಲುಟಮೇಟಿನಿಂದ ಒಂದು ಕಾರ್ಬನ್ ಡೈಆಕ್ಸೈಡ್ ಅಣುವನ್ನು ಕಿತ್ತರೆ ಗಾಬಾ ಸಿದ್ಧವಾಗುವುದು. ನರಕೋಶಗಳು ಇದನ್ನು ತಯಾರಿಸುವುದೂ ಹಾಗೆಯೇ. 'ಹಿಡಿ' ಎಂಬುದಕ್ಕೂ 'ಬಿಡು' ಎಂಬುದಕ್ಕೂ ಇರುವ ರಾಸಾಯನಿಕ ಅಂತರ ಇಷ್ಟು ಅಲ್ಪವಾದುದು!

ಗಾಬಾ ತೆರೆಯುವ ಬಾಗಿಲು ಕ್ಲೋರೈಡ್ ಅಯಾನಿನದು. ಋಣವಿದ್ಯುತ್ತನ್ನು ಹೊತ್ತ ಕ್ಲೋರೈಡಿಗೆ ಸಮತೋಲ ಉಂಟಾಗುವ ವಿಭವ ವಿಶ್ರಾಂತಿ ವಿಭವಕ್ಕೆ ಬಹಳ ಸಮೀಪದಲ್ಲಿದೆ. ಇದರಿಂದ ಒಂದು ವಿಚಿತ್ರ ಉಂಟಾಗುವುದು. ಸ್ನಾಯು ವಿಶ್ರಾಂತವಾಗಿರುವಾಗ ನಿರೋಧಕ ನರವನ್ನು ಎಷ್ಟು ಕೆರಳಿಸಿದರೂ ಅಳತೆಯ ಉಪಕರಣದ ಮುಳ್ಳು ಬಹುಮಟ್ಟಿಗೆ ಅಲುಗುವುದೇ ಇಲ್ಲ. ಆದರೆ ಅದೇ ಸಮಯದಲ್ಲಿ ಪ್ರಚೋದಕ ನರ ಮಿಡಿದರೆ, ಅದರ ಪರಿಣಾಮ ಥಟ್ಟನೆ ಕುಗ್ಗಿಹೋಗುವುದು. ಫ್ಯಾಟ್ ಮತ್ತು ಕಾಟ್ಸ್ ೧೯೫೩ರಲ್ಲಿಯೇ ಇದನ್ನು ಏಡಿಯ ಸ್ನಾಯುವಿನಲ್ಲಿ ಅಳೆದರು. ಕಣ್ಣಿಗೆ ಕಾಣದೆಯೇ ಕೆಲಸ ಮಾಡುವ ಈ ತಡೆಯನ್ನು ಅರ್ಥಮಾಡಿಕೊಳ್ಳುವುದು ಹೇಗೆ?

ಜಾತ್ರೆಯ ಹಗ್ಗಜಗ್ಗಾಟವನ್ನು ನೆನೆಸಿಕೊಳ್ಳೋಣ. ತೆರೆದಿರುವ ಪ್ರತಿಯೊಂದು ಬಾಗಿಲೂ ಸ್ನಾಯುವಿನ ವಿಭವವನ್ನು ತನಗೆ ಇಷ್ಟವಾದ ಬೆಲೆಯ ಕಡೆಗೆ ಎಳೆಯುವ ಒಬ್ಬ ಆಳು ಎಂದು ಭಾವಿಸೋಣ. ವಿಶ್ರಾಂತ ಸ್ಥಿತಿಯಲ್ಲಿ ಒಬ್ಬ ಆಳು ಋಣ ೭೦ರ ಕಡೆಗೆ ಎಳೆಯುತ್ತಿದ್ದಾನೆ. ಗ್ಲುಟಮೇಟ್ ಬಂದಾಗ ಇನ್ನೊಬ್ಬ ಸೊನ್ನೆಯ ಕಡೆಗೆ ಎಳೆಯುವನು. ಇಬ್ಬರೂ ಸಮಬಲರಾದರೆ ವಿಭವ ನಡುವೆ, ಅಂದರೆ ಋಣ ೩೫ರಲ್ಲಿ, ನಿಲ್ಲುವುದು. ಋಣ ೫೦ನ್ನು ದಾಟಿದರೆ ಸ್ನಾಯು ಸಂಕುಚಿಸುವುದೆಂದು ಇಟ್ಟುಕೊಂಡರೆ, ಈಗ ಅದು ಸಂಕುಚಿಸಿದೆ. ಈಗ ಗಾಬಾ ಬಂದು ಋಣ ೭೦ರ ಕಡೆಗೆ ಎಳೆಯುವ ಇಬ್ಬರು ಆಳುಗಳನ್ನು ಸೇರಿಸಿತೆನ್ನೋಣ. ಒಟ್ಟು ನಾಲ್ವರು, ಮೂವರು ಋಣ ೭೦ರ ಕಡೆಗೆ, ಒಬ್ಬ ಸೊನ್ನೆಯ ಕಡೆಗೆ. ೭೦ನ್ನು ಮೂರರಿಂದ ಗುಣಿಸಿ ನಾಲ್ಕರಿಂದ ಭಾಗಿಸಿದರೆ ವಿಭವ ಋಣ ೫೨.೫ ಎಂದಾಗುವುದು. ಸಂಕೋಚನದ ಗಡಿಯಿಂದ ಹಿಂದಕ್ಕೆ ಸರಿಯಿತು, ಹಿಡಿತ ಸಡಿಲಾಯಿತು! ಗ್ಲುಟಮೇಟ್ ಇಲ್ಲದಿರುವಾಗ ಗಾಬಾ ಒಂದೇ ಬಂದರೆ ಮೂವರೂ ಋಣ ೭೦ರ ಕಡೆಗೇ ಎಳೆಯುವರು, ವಿಭವ ಕದಲುವುದಿಲ್ಲ. ಈ ಅಂಕಿಗಳು ವಿವರಣೆಗಾಗಿ ನಾವು ಆರಿಸಿಕೊಂಡವು; ಆದರೆ ತತ್ತ್ವ ಇದೇ. ಗಾಬಾ ಸ್ನಾಯುವನ್ನು ಹಿಂದಕ್ಕೆ ತಳ್ಳುವುದಿಲ್ಲ, ಇದ್ದ ಸ್ಥಳದಲ್ಲಿಯೇ ಭದ್ರವಾಗಿ ಹಿಡಿದು ನಿಲ್ಲಿಸುವುದು.

ಇಷ್ಟೇ ಅಲ್ಲ. ನಿರೋಧಕ ನರದ ಕೆಲವು ಕವಲುಗಳು ಸ್ನಾಯುವನ್ನು ಬಿಟ್ಟು ಪ್ರಚೋದಕ ನರದ ತುದಿಯ ಮೇಲೆಯೇ ಕೊನೆಗೊಳ್ಳುತ್ತವೆ; ಅಲ್ಲಿ ಗಾಬಾವನ್ನು ಚೆಲ್ಲಿ, ಹೊರಬರುವ ಗ್ಲುಟಮೇಟಿನ ಪ್ರಮಾಣವನ್ನೇ ತಗ್ಗಿಸುತ್ತವೆ. ಡುಡೆಲ್ ಮತ್ತು ಕುಫ್ಲರ್ ೧೯೬೧ರಲ್ಲಿ ಕ್ರೇಫಿಶ್ಶಿನಲ್ಲಿ ಇದನ್ನು ತೋರಿಸಿದರು. ಆಜ್ಞೆಯನ್ನು ಕೇಳುವವನ ಕಿವಿಯನ್ನು ಮುಚ್ಚುವುದರ ಜೊತೆಗೆ ಹೇಳುವವನ ಬಾಯನ್ನೂ ಕಟ್ಟಿದಂತಾಯಿತು.

ಸಾಕ್ಷ್ಯವನ್ನು ಕೂಡಿಸಿದ ಬಗೆ

ಗಾಬಾ ನರಪ್ರೇಷಕವೆಂಬುದು ಸುಲಭವಾಗಿ ಸಿದ್ಧವಾದ ವಿಷಯವಲ್ಲ. ಸಸ್ತನಿಗಳ ಮಿದುಳಿನಲ್ಲಿ ಈ ವಸ್ತು ಹೇರಳವಾಗಿದೆಯೆಂಬುದು ೧೯೫೦ರಲ್ಲಿ ಗೊತ್ತಾಗಿತ್ತು. ಅದರ ಕೆಲಸವೇನೆಂಬುದು ಮಾತ್ರ ಗೊತ್ತಿರಲಿಲ್ಲ. ಅದೇ ದಶಕದಲ್ಲಿ ಫ್ಲೋರಿ ಎಂಬ ವಿಜ್ಞಾನಿ ಸಸ್ತನಿಗಳ ಮಿದುಳಿನಿಂದ ತೆಗೆದ ಒಂದು ಸಾರ ಕ್ರೇಫಿಶ್ಶಿನ ಸಂವೇದನ ನರಕೋಶದ ಮಿಡಿತವನ್ನು ನಿಲ್ಲಿಸುವುದನ್ನು ಕಂಡರು. ೧೯೫೭ರಲ್ಲಿ ಕೆನಡದ ಮಾಂಟ್ರಿಯಲ್ ನಗರದಲ್ಲಿ ಬೇಜ್ಮೋರ್, ಎಲಿಯಟ್ ಮತ್ತು ಫ್ಲೋರಿ ಮೂವರೂ ದನದ ಮಿದುಳಿನ ಸಾರವನ್ನು ಶೋಧಿಸಿ, ಅದರಲ್ಲಿನ ಕ್ರಿಯಾಶೀಲ ವಸ್ತು ಗಾಬಾ ಎಂದು ಗುರುತಿಸಿದರು. ಮರುವರ್ಷ ಬ್ವಾಸ್ಟೆಲ್ ಮತ್ತು ಫ್ಯಾಟ್ ಸ್ನಾಯುವಿನ ಮೇಲೆ ಗಾಬಾ ಮಾಡುವ ಕೆಲಸವೂ ನಿರೋಧಕ ನರ ಮಾಡುವ ಕೆಲಸವೂ ಒಂದೇ ಬಗೆಯವೆಂದು ಅಳೆದು ತೋರಿಸಿದರು.

ಆದರೂ ಸಂದೇಹ ಉಳಿಯಿತು. ಹೊರಗಿನಿಂದ ಹಾಕಿದ ವಸ್ತು ನರದಂತೆಯೇ ಕೆಲಸ ಮಾಡಿದ ಮಾತ್ರಕ್ಕೆ ನರವೂ ಅದನ್ನೇ ಬಳಸುವುದೆಂದು ಹೇಳಲಾದೀತೆ? ಕಳ್ಳಕೈಯಿಂದಲೂ ಬೀಗ ತೆರೆಯುವುದುಂಟಷ್ಟೆ! ಮಿದುಳಿನಲ್ಲಿ ಕೋಟಿಗಟ್ಟಲೆ ನರಗಳು ಹೆಣೆದುಕೊಂಡಿರುವುದರಿಂದ ನಿರೋಧಕ ನರವನ್ನು ಮಾತ್ರ ಬೇರ್ಪಡಿಸಿ ಪರೀಕ್ಷಿಸುವುದು ಆಗ ಅಸಾಧ್ಯವಾಗಿತ್ತು. ಇಬ್ಬರೇ ಆಳುಗಳ ಆಡಳಿತವಿರುವ ಲಾಬ್ಸ್ಟರಿನ ಸ್ನಾಯು ಇಲ್ಲಿ ಕೈಹಿಡಿಯಿತು. ಅಮೆರಿಕದ ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಕ್ರಾವಿಟ್ಸ್, ಕುಫ್ಲರ್ ಮತ್ತು ಪಾಟರ್ ಸೂಕ್ಷ್ಮದರ್ಶಕದ ಕೆಳಗೆ ಲಾಬ್ಸ್ಟರಿನ ಪ್ರಚೋದಕ ಮತ್ತು ನಿರೋಧಕ ನರತಂತುಗಳನ್ನು ಒಂದೊಂದಾಗಿ ಬಿಡಿಸಿ, ಬೇರೆ ಬೇರೆ ರಾಶಿಮಾಡಿ, ೧೯೬೩ರಲ್ಲಿ ಅವುಗಳೊಳಗಿನ ರಾಸಾಯನಿಕಗಳನ್ನು ಅಳೆದು ಪ್ರಕಟಿಸಿದರು. ಗಾಬಾ ನಿರೋಧಕ ತಂತುವಿನಲ್ಲಿ ತುಂಬಿತ್ತು. ಪ್ರಚೋದಕ ತಂತುವಿನಲ್ಲಿ ಇಲ್ಲವೆನ್ನುವಷ್ಟು ಅಲ್ಪವಾಗಿತ್ತು. ೧೯೬೬ರಲ್ಲಿ ಓಟ್ಸುಕ, ಐವರ್ಸನ್, ಹಾಲ್ ಮತ್ತು ಕ್ರಾವಿಟ್ಸ್ ಕೊನೆಯ ಕೊಂಡಿಯನ್ನೂ ಜೋಡಿಸಿದರು. ನಿರೋಧಕ ನರವನ್ನು ಕೆರಳಿಸಿದಾಗ ಸುತ್ತಲಿನ ದ್ರವಕ್ಕೆ ಗಾಬಾ ಬಂದು ಸೇರಿತು. ಪ್ರಚೋದಕ ನರವನ್ನು ಕೆರಳಿಸಿದಾಗ ಸೇರಲಿಲ್ಲ. ದ್ರವದಲ್ಲಿ ಕ್ಯಾಲ್ಸಿಯಮ್ಮನ್ನು ತಗ್ಗಿಸಿದಾಗ, ನರಪ್ರೇಷಕದಲ್ಲಿ ನಿರೀಕ್ಷಿಸಬೇಕಾದಂತೆ, ಬಿಡುಗಡೆಯೂ ನಿಂತಿತು.

ಮತ್ತೊಂದು ಸಾಕ್ಷ್ಯವನ್ನು ಒದಗಿಸಿದುದು ನಮ್ಮ ಕಾಡಿನಲ್ಲಿಯೂ ಬೆಳೆಯುವ ಒಂದು ಬಳ್ಳಿ. ಪಶ್ಚಿಮಘಟ್ಟಗಳಲ್ಲಿ ಬೆಳೆಯುವ ಕಾಕಮಾರಿಯ ಕಾಯನ್ನು ಅರೆದು ಹಳ್ಳದ ನೀರಿಗೆ ಹಾಕಿ ಮೀನಿಗೆ ಮತ್ತು ಬರಿಸುವ ರೂಢಿ ಹಿಂದಿನಿಂದಲೂ ಇತ್ತು. ಅದರ ವಿಷದ ಹೆಸರು ಪಿಕ್ರೊಟಾಕ್ಸಿನ್. ಈ ವಿಷ ಕ್ರೇಫಿಶ್ಶಿನ ಸ್ನಾಯುವಿನಲ್ಲಿ ನಿರೋಧಕ ನರದ ಕ್ರಿಯೆಯನ್ನು ತಡೆಯುವುದು. ಹೊರಗಿನಿಂದ ಹಾಕಿದ ಗಾಬಾದ ಕ್ರಿಯೆಯನ್ನೂ ತಡೆಯುವುದು. ಎರಡೂ ತೆರೆಯುತ್ತಿರುವುದು ಒಂದೇ ಬಾಗಿಲನ್ನು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕೆ?

ಹೀಗೆ ಗಾಬಾ ಒಂದು ನಿರೋಧಕ ನರಪ್ರೇಷಕವೆಂಬುದು ಮೊದಲು ಸಿದ್ಧವಾದುದು ಬೆನ್ನೆಲುಬಿಲ್ಲದ ಪ್ರಾಣಿಯ ಸ್ನಾಯುವಿನಲ್ಲಿ. ನಮ್ಮ ಮಿದುಳಿನ ಮುಖ್ಯ ತಡೆಯೂ ಇದೇ ಗಾಬಾ, ಮುಖ್ಯ ಪ್ರೇರಕವೂ ಇದೇ ಗ್ಲುಟಮೇಟ್ ಎಂಬುದು ಅನಂತರ ಸ್ಥಿರವಾಯಿತು. ಗಾಬಾದ ತಡೆ ಕುಗ್ಗಿದರೆ ಮಿದುಳಿನಲ್ಲಿ ಸೆಳವು ತೋರಬಹುದು; ಅಪಸ್ಮಾರಕ್ಕೆ ಕೊಡುವ ಹಲವು ಔಷಧಿಗಳು ಗಾಬಾದ ಕೆಲಸವನ್ನು ಬಲಪಡಿಸುವಂತಹವು.

ಒಂದೇ ಮಾತು, ಹಲವು ಅರ್ಥಗಳು

ಹಾಗಾದರೆ ಗ್ಲುಟಮೇಟ್ ಎಂದರೆ ಪ್ರೇರಣೆ, ಗಾಬಾ ಎಂದರೆ ತಡೆ ಎಂದು ಬರೆದಿಟ್ಟುಕೊಳ್ಳೋಣವೇ? ಅವಸರಿಸಬಾರದು. ೧೯೭೩ರಲ್ಲಿ ಕಲ್-ಕ್ಯಾಂಡಿ ಮತ್ತು ಅಷರ್‌ವುಡ್ ಎಂಬ ವಿಜ್ಞಾನಿಗಳು ಮಿಡತೆಯ ಕಾಲಿನ ಸ್ನಾಯುತಂತುವಿನಲ್ಲಿ ಗ್ಲುಟಮೇಟಿಗೆ ಎರಡು ಬಗೆಯ ಗ್ರಾಹಕಗಳಿರುವುದನ್ನು ಕಂಡರು. ನರ ಸಂಧಿಸುವ ಸ್ಥಳದಲ್ಲಿರುವವು ಧನ ಅಯಾನುಗಳನ್ನು ಒಳಬಿಟ್ಟು ಪ್ರೇರೇಪಿಸುವುವು. ತಂತುವಿನ ಬೇರೆ ಕಡೆಗಳಲ್ಲಿಯೂ ಇರುವ ಇನ್ನೊಂದು ಬಗೆಯವು ಕ್ಲೋರೈಡನ್ನು ಬಿಟ್ಟು ತಡೆಯನ್ನು ಉಂಟುಮಾಡುವುವು. ಒಂದೇ ತಂತು, ಒಂದೇ ರಾಸಾಯನಿಕ, ಎರಡು ವಿರುದ್ಧ ಫಲಗಳು! ಅರ್ಥವಿರುವುದು ಬೀಗದ ಕೈಯಲ್ಲಲ್ಲ, ಬಾಗಿಲಿನಲ್ಲಿ ಎಂದು ನಾವು ಮೊದಲೇ ಹೇಳಿದುದು ಇದಕ್ಕಾಗಿಯೇ.

ಕಡಲ ಬಂಡೆಗಳಿಗೆ ಅಂಟಿಕೊಳ್ಳುವ ನೀಲಿಕಲ್ಲು ಜಾತಿಯ ಚಿಪ್ಪುಪ್ರಾಣಿಯ ಸ್ನಾಯು ಇನ್ನೂ ವಿಚಿತ್ರ. ಅಸಿಟೈಲ್‌ಕೋಲಿನ್ ಅದನ್ನು ಬಿಗಿಯುವಂತೆ ಮಾಡುವುದು. ಆ ಬಳಿಕ ವಿಭವ ಮೊದಲಿನ ಮಟ್ಟಕ್ಕೆ ಮರಳಿದರೂ ಬಿಗಿತ ಮಾತ್ರ ಬಹಳ ಹೊತ್ತು ಉಳಿಯುವುದು. ಅದನ್ನು ಬಿಡಿಸುವುದು ಸಿರೊಟೊನಿನ್ ಎಂಬ ಬೇರೊಂದು ವಸ್ತು. ಎಲ್ಲ ಆಜ್ಞೆಗಳೂ ವಿಭವದ ಮೂಲಕವೇ ಸಾಗಬೇಕೆಂಬ ನಿಯಮವಿಲ್ಲವೆಂಬುದನ್ನು ಈ ಪ್ರಾಣಿ ನೆನಪಿಸುವುದು.

ಬಾಗಿಲಿನ ಭೇದದಿಂದ ಬಂದ ಔಷಧಿ

ಮಕ್ಕಳ ಕರುಳಿನಲ್ಲಿ ನೆಲಸುವ ದುಂಡನೆಯ ಜಂತುಹುಳುವಿನ ಸ್ನಾಯುವಿನಲ್ಲಿ ಪ್ರೇರಕವಾಗಿರುವುದು ಅಸಿಟೈಲ್‌ಕೋಲಿನ್, ತಡೆಯಾಗಿರುವುದು ಗಾಬಾ. ಮೈಯ ಒಂದು ಮಗ್ಗುಲು ಸಂಕುಚಿಸುವಾಗ ಇನ್ನೊಂದು ಮಗ್ಗುಲನ್ನು ಗಾಬಾ ಸಡಿಲಿಸುವುದರಿಂದ ಹುಳು ಬಳುಕುತ್ತ ಚಲಿಸಬಲ್ಲುದು. ಹಿಂದಿನ ತಲೆಮಾರಿನವರು ಜಂತುಹುಳುವಿಗೆ ಕುಡಿಸುತ್ತಿದ್ದ ಪಿಪೆರಜೀನ್ ಎಂಬ ಔಷಧಿ ಗಾಬಾವನ್ನು ಅನುಕರಿಸಿ ಹುಳುವಿನ ಸ್ನಾಯುವನ್ನು ಪೂರ್ಣವಾಗಿ ಸಡಿಲಿಸುವುದು. ಕರುಳಿನ ಗೋಡೆಗೆ ಒತ್ತಿ ನಿಲ್ಲಲಾರದೆ ಹುಳು ಮಲದೊಡನೆ ಜೀವಸಹಿತವಾಗಿಯೇ ಹೊರಬೀಳುವುದು. ನಮ್ಮ ಕೈಕಾಲುಗಳ ಸ್ನಾಯುವಿಗೆ ನಿರೋಧಕ ನರವೂ ಗಾಬಾದ ತಡೆಯೂ ಇಲ್ಲವಾದುದರಿಂದ ನಾವು ಹಾಗೆ ಕುಸಿಯುವುದಿಲ್ಲ.

ಇದಕ್ಕಿಂತಲೂ ಪ್ರಸಿದ್ಧವಾದುದು ಐವರ್ಮೆಕ್ಟಿನ್. ಜಪಾನಿನ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ದೊರೆತ ವಸ್ತುವಿನಿಂದ ಇದನ್ನು ತಯಾರಿಸಿದರು. ಗ್ಲುಟಮೇಟಿಗೆ ತೆರೆದು ಕ್ಲೋರೈಡನ್ನು ಬಿಡುವ ಬಾಗಿಲುಗಳು ಹುಳುಗಳಲ್ಲಿಯೂ ಕೀಟಗಳಲ್ಲಿಯೂ ಇವೆ. ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ಇಲ್ಲ. ಐವರ್ಮೆಕ್ಟಿನ್ ಆ ಬಾಗಿಲನ್ನು ತೆರೆದು ಮುಚ್ಚದಂತೆ ಮಾಡುವುದು. ಹುಳುವಿನ ಸ್ನಾಯುಗಳೂ ನರಗಳೂ ನಿಷ್ಕ್ರಿಯವಾಗುವುವು. ಆಫ್ರಿಕದಲ್ಲಿ ನದಿಗುರುಡು ರೋಗದಿಂದ ಲಕ್ಷಾಂತರ ಜನರ ದೃಷ್ಟಿಯನ್ನು ಕಾಪಾಡಿದ ಈ ಔಷಧಿಯ ಮೂಲವನ್ನು ಕಂಡುಹಿಡಿದ ಓಮುರ ಮತ್ತು ಕ್ಯಾಂಪ್‌ಬೆಲ್ ಅವರು ೨೦೧೫ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಭಾರತದಲ್ಲಿಯೂ ಆನೆಕಾಲು ರೋಗದ ನಿರ್ಮೂಲನಕ್ಕಾಗಿ ೨೦೧೮ರಿಂದೀಚೆಗೆ ಆಯ್ದ ಜಿಲ್ಲೆಗಳಲ್ಲಿ ಇತರ ಎರಡು ಔಷಧಿಗಳೊಡನೆ ಇದನ್ನು ಕೊಡಲಾಗಿದೆ.

ಬಾಗಿಲು ಬೇರೆಯಾಗಿದ್ದರೆ ಔಷಧಿ. ಬಾಗಿಲು ಒಂದೇ ಆಗಿದ್ದರೆ? ಎಂಡೋಸಲ್ಫಾನ್ ಎಂಬ ಕೀಟನಾಶಕ ಗಾಬಾದ ಬಾಗಿಲನ್ನು ಮುಚ್ಚುವುದು. ಅದೂ ಕಾಕಮಾರಿಯ ವಿಷ ಕೂರುವ ನೆಲೆಯಲ್ಲಿಯೇ. ತಡೆ ತಪ್ಪಿದ ಕೀಟ ನಡುಗಿ ಸೆಟೆದು ಸಾಯುವುದು. ಆದರೆ ಗಾಬಾದ ಬಾಗಿಲು ಕೀಟದ ಸೊತ್ತು ಮಾತ್ರವಲ್ಲ. ನಮ್ಮ ಮಿದುಳಿನಲ್ಲಿಯೂ ಅಂತಹುದೇ ಇದೆ. ಆದುದರಿಂದಲೇ ಈ ವಿಷ ಹೆಚ್ಚು ಪ್ರಮಾಣದಲ್ಲಿ ಮೈಸೇರಿದ ಮನುಷ್ಯರಲ್ಲಿಯೂ ಸೆಳವು ಕಾಣಿಸಿಕೊಳ್ಳುವುದು. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಇದನ್ನು ಸಿಂಪಡಿಸಿದ್ದುದೂ, ಅಲ್ಲಿಯ ಜನರ ದುಃಖದ ಕಥೆಯೂ ಓದುಗರಿಗೆ ತಿಳಿದವೇ. ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯ ದೇಶದಲ್ಲೆಲ್ಲ ಇದರ ತಯಾರಿಕೆಯನ್ನೂ ಮಾರಾಟವನ್ನೂ ತಡೆಹಿಡಿಯಿತು. ಕೀಟಕ್ಕೆ ಮಾತ್ರ ವಿಷ ಎಂದು ಯಾರಾದರೂ ಹೇಳಿದಾಗ, ಅದು ಮುಟ್ಟುವ ಬಾಗಿಲು ನಮ್ಮಲ್ಲಿಯೂ ಇದೆಯೇ ಎಂದು ಕೇಳುವುದನ್ನು ನಾವು ಕಲಿಯಬೇಕು.

ಏಡಿಯೂ ನಾವೂ ವಂಶವೃಕ್ಷದಲ್ಲಿ ಬೇರೆಯಾಗಿ ಐವತ್ತು ಕೋಟಿ ವರ್ಷಗಳಿಗೂ ಮೀರಿದೆ. ಆದರೂ ಅದರ ಇಕ್ಕುಳವನ್ನು ಸಡಿಲಿಸುವ ವಸ್ತುವೇ ಈ ಸಾಲುಗಳನ್ನು ಓದುತ್ತಿರುವ ನಮ್ಮ ಮಿದುಳಿನಲ್ಲಿ ನರಗಳ ಅತಿಯಾದ ಮಿಡಿತವನ್ನು ಹತೋಟಿಯಲ್ಲಿ ಇಟ್ಟಿದೆ. ಇನ್ನೊಮ್ಮೆ ಗದ್ದೆಯ ಬದುವಿನಲ್ಲಿ ಏಡಿಯೊಂದು ಬೆರಳನ್ನು ಕಚ್ಚಿ, ಮೆಲ್ಲನೆ ಬಿಟ್ಟು ಹೋದರೆ, ಬಿಡುವುದೂ ಒಂದು ಕೆಲಸವೇ ಎಂಬುದನ್ನು ನೆನೆಸಿಕೊಳ್ಳೋಣ.